ಬಿಳಿ ಬಣ್ಣ ಮುಟ್ಟದೆ ಕಾಫಿ ಹೂ ಬಿಡಿಸುವುದು

ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟಗಳು ಒಟ್ಟೊಟ್ಟಿಗೆ ಬೆಳ್ಳಗಾಗುತ್ತವೆ. ಮೊದಲು ರೋಬಸ್ಟಾ, ಆಮೇಲೆ ಅರೇಬಿಕಾ. ಒಣ ತಿಂಗಳುಗಳಲ್ಲಿ ಮೊಗ್ಗುಗಳು ಬೆಳೆಯದೆ ಸುಮ್ಮನೆ ಕೂತಿರುತ್ತವೆ. ಒಂದು ಒಳ್ಳೆ ಮಳೆ ಬಿದ್ದರೆ ಎಲ್ಲಕ್ಕೂ ಒಂದೇ ಸಲ ಎಚ್ಚರವಾಗುತ್ತದೆ. ಮಲ್ಲಿಗೆಯ ಹಾಗೆ ಘಮ, ಎರಡು ಮೂರು ದಿನದ ಸಂಭ್ರಮ, ಆಮೇಲೆ ಎಸಳು ಕಂದಿ ಉದುರಿ ಮುಗಿಯಿತು. ಅಷ್ಟರೊಳಗೆ ವಾಟರ್‌ಕಲರ್ ಡಬ್ಬಿ ತೆಗೆದು ಕೂತವರಿಗೆ ಒಂದು ತಾಪತ್ರಯ ಎದುರಾಗುತ್ತದೆ. ಹೂವೂ ಬಿಳಿ, ಕಾಗದವೂ ಬಿಳಿ. ಬಣ್ಣ ಹಾಕುವುದು ಎಲ್ಲಿಗೆ?

ಬಿಳಿ ಟ್ಯೂಬಿಗೆ ಕೈ ಹಾಕುವವರು ಇದ್ದಾರೆ. ನನಗದು ಅಷ್ಟು ಇಷ್ಟವಿಲ್ಲ, ಹೂವು ಸುಣ್ಣ ಬಳಿದಂತೆ ಕಾಣುತ್ತದೆ. ಹೂವಿನ ಜಾಗವನ್ನು ಹಾಗೇ ಬಿಟ್ಟು, ಸುತ್ತಲಿನ ಕಡುಹಸಿರು ಎಲೆಗೆ ಮಾತ್ರ ಬಣ್ಣ ಹಾಕುವುದು ಹಳೆಯ ದಾರಿ. ಅದು ಚೆನ್ನಾಗಿ ಕಾಣುವುದಕ್ಕೆ ಒಂದು ಭೌತವಿಜ್ಞಾನದ ಕಾರಣವೂ ಇದೆ. ಕಾಫಿ ಹೂವಿನ ಬಿಳುಪು ಮತ್ತು ಕಾಗದದ ಬಿಳುಪು ಎರಡೂ ಹುಟ್ಟುವುದು ಒಂದೇ ಥರ.

ಉದುರಿದ ಒಂದು ತಾಜಾ ಎಸಳನ್ನು ಎರಡು ಬೆರಳ ನಡುವೆ ಇಟ್ಟು ಗಟ್ಟಿಯಾಗಿ ಒತ್ತಿ ನೋಡಿ. ಒತ್ತಿದ ಕಡೆ ಬಿಳುಪು ಮಾಯವಾಗಿ, ಎಸಳಿನ ಹಿಂದಿರುವ ಬೆರಳಿನ ಗೆರೆ ಕಾಣತೊಡಗುತ್ತದೆ. ಬಿಳಿ ಬಣ್ಣ ಅನ್ನುವ ವಸ್ತು ಅಲ್ಲಿದ್ದಿದ್ದರೆ ಬೆರಳಿಗೆ ಅಂಟಬೇಕಿತ್ತು, ಅಲ್ವಾ? ಅಂಥದ್ದೇನೂ ಇಲ್ಲ. ಎಸಳಿನ ಜೀವಕೋಶಗಳಲ್ಲಿ ಇರುವುದು ಹೆಚ್ಚಾಗಿ ನೀರು. ಕೋಶಗಳ ನಡುವೆ ಗಾಳಿಯ ಸಣ್ಣ ಸಣ್ಣ ಸಂದುಗಳಿವೆ. ಬೆಳಕು ನೀರಿನಿಂದ ಗಾಳಿಗೆ, ಗಾಳಿಯಿಂದ ನೀರಿಗೆ ದಾಟುವಾಗೆಲ್ಲ ಒಂದಿಷ್ಟು ಬಾಗುತ್ತದೆ, ಒಂದಿಷ್ಟು ವಾಪಸ್ ಚಿಮ್ಮುತ್ತದೆ. ಹೀಗೆ ಎಷ್ಟೋ ಸಲ ಚದುರಿ ಹೊರಬರುವಾಗ ಎಲ್ಲ ಬಣ್ಣಗಳೂ ಸರಿಸುಮಾರು ಸಮನಾಗಿ ಬರುತ್ತವೆ. ನಮ್ಮ ಕಣ್ಣಿಗೆ ಅದೇ ಬಿಳಿ. ಒತ್ತಿದಾಗ ಗಾಳಿ ಹೊರಗೆ ಹೋಗುತ್ತದೆ, ಬಿಳುಪೂ ಹೋಗುತ್ತದೆ. ಜಪಾನಿನ ಬೆಟ್ಟಗಳಲ್ಲಿ ಡಿಫಿಲಿಯಾ ಗ್ರೇಯಿ ಎಂಬ ಗಿಡವಿದೆ. ಅದರ ಬಿಳಿ ಹೂವು ಮಳೆಯಲ್ಲಿ ನೆನೆದರೆ ತಾನಾಗಿಯೇ ಪಾರದರ್ಶಕವಾಗುತ್ತದೆ. ಗಾಳಿ ಇದ್ದ ಜಾಗಕ್ಕೆ ನೀರು ನುಗ್ಗುವುದೇ ಕಾರಣ.

ಕಾಗದದ ಕಥೆಯೂ ಇದೇ. ಅದರ ಸೆಲ್ಯುಲೋಸ್ ನಾರುಗಳಿಗೆ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಬೆಳಕು ಒಂದು ವಸ್ತುವಿನೊಳಗೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದರ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತಾರೆ. ನಾರಿನದ್ದು ಸುಮಾರು 1.5, ಗಾಳಿಯದ್ದು 1. ಈ ಅಂತರವೇ ಬೆಳಕನ್ನು ಚದುರಿಸುತ್ತದೆ. ಬಜ್ಜಿ ಕಟ್ಟಿದ ಕಾಗದದಲ್ಲಿ ಎಣ್ಣೆ ಇಳಿದ ಕಡೆ ಹಿಂಬದಿಯ ಅಕ್ಷರ ಕಾಣುವುದು, ಎಣ್ಣೆಯ ಸೂಚ್ಯಂಕ ನಾರಿನದ್ದಕ್ಕೆ ತೀರಾ ಹತ್ತಿರ ಇರುವುದರಿಂದ. ನೀರಿನದ್ದು 1.33. ಹಾಗಾಗಿ ಒದ್ದೆ ಕಾಗದವೂ ಒಂದಿಷ್ಟು ಮಂಕಾಗುತ್ತದೆ. ಹಚ್ಚುವಾಗ ಗಾಢವಾಗಿದ್ದ ಹಸಿರು ಒಣಗಿದ ಮೇಲೆ ಪೇಲವವಾಗುತ್ತದಲ್ಲ, ಅದರ ಹಿಂದೆಯೂ ಇದೇ ಲೆಕ್ಕ ಇದೆ. ನೀರು ಹೋಗಿ ಗಾಳಿ ಬಂದಾಗ ಮೇಲ್ಮೈ ಮತ್ತೆ ಬೆಳಕನ್ನು ಚದುರಿಸತೊಡಗುತ್ತದೆ. ಅದಕ್ಕೇ ಅನುಭವಿಗಳು ಬಣ್ಣವನ್ನು ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾಗಿಯೇ ಕಲಸುತ್ತಾರೆ.

ಕಡೂರು, ಅರಸೀಕೆರೆ ಕಡೆ ಅರಳುವ ಮುತ್ತುಗದ ವಿಷಯ ಬೇರೆ. ಅದರ ಎಸಳಿನಲ್ಲಿ ನಿಜವಾದ ಬಣ್ಣವಸ್ತುವಿದೆ, ನೀರಿಗೆ ಹಾಕಿದರೆ ಬಿಡುತ್ತದೆ. ಹೋಳಿ ಹಬ್ಬಕ್ಕೆ ಬಣ್ಣ ಮಾಡುತ್ತಿದ್ದದ್ದೂ ಅದರಿಂದಲೇ.

ಬಿಳಿ ಹೂವಿನ ನೆರಳು ಮಾತ್ರ ಸುಲಭವಲ್ಲ. ಕಪ್ಪು ಬೆರೆಸಿ ಬೂದು ಮಾಡಿ ಹಚ್ಚಿದರೆ ಹೂವು ಕೊಳೆಯಾದಂತೆ ಕಾಣುತ್ತದೆ. ನೆರಳಿನ ಭಾಗಕ್ಕೆ ನೇರ ಬಿಸಿಲು ಇಲ್ಲ, ಆದರೆ ಬೆಳಕು ಇದೆ. ಬಯಲಲ್ಲಾದರೆ ಅದು ನೀಲಿ ಆಕಾಶದಿಂದ ಬಂದ ಬೆಳಕು. ಕಾಫಿ ತೋಟದೊಳಗೆ ಸಿಲ್ವರ್ ಓಕ್, ಹಾಲುವಾಣದ ಕೆಳಗೆ ನಿಂತರೆ ಎಲೆಗಳಿಂದ ಸೋಸಿ ಬಂದ ಹಸಿರೂ ಸೇರಿಕೊಂಡಿರುತ್ತದೆ. ಗೊಂಚಲಿನ ಒಳಗೆ, ಎಸಳು ಎಸಳಿಗೆ ತಾಗುವಲ್ಲಿ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ತೆಳು ನೀಲಿ, ಬುಡದ ಕಡೆ ಹಳದಿ-ಹಸಿರು ಕಾಣುತ್ತದೆ. ತುಂಬ ನೀರು ಮಾಡಿದ ಅಲ್ಟ್ರಾಮರೀನ್ ನೀಲಿ ಒಂದು ಎಳೆ ಸಾಕು.

ಇನ್ನು ಅಂಚು. ಇಲ್ಲಿ ಕಾಫಿಗೂ ವಾಟರ್‌ಕಲರ್‌ಗೂ ಮತ್ತೊಂದು ನಂಟಿದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ನಡುವೆ ತೆಳುವಾಗಿ, ಅಂಚಿನಲ್ಲಿ ಕಪ್ಪು ಉಂಗುರ ಬಿಡುತ್ತದೆ. ಯಾಕೆ ಹೀಗೆ ಅಂತ ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಜೊತೆಗಾರರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಹನಿಯ ಅಂಚು ಮೇಲ್ಮೈಯನ್ನು ಕಚ್ಚಿಕೊಂಡಿರುತ್ತದೆ, ಹಿಂದೆ ಸರಿಯುವುದಿಲ್ಲ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಕಡಿಮೆಯಾದದ್ದನ್ನು ತುಂಬಲು ನಡುವಿನಿಂದ ನೀರು ಹರಿದು ಬರುತ್ತದೆ, ಬರುವಾಗ ಕಣಗಳನ್ನೂ ಹೊತ್ತು ತರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಕಣಗಳು ಅಲ್ಲೇ ಗುಡ್ಡೆಯಾಗುತ್ತವೆ. ಕಣಗಳು ಗುಂಡಗಿರದೆ ಉದ್ದುದ್ದ ಇದ್ದರೆ ಉಂಗುರ ಮೂಡುವುದೇ ಇಲ್ಲ ಎಂದು 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ತೋರಿಸಿತು. ಅವು ನೀರಿನ ಮೇಲ್ಮೈಯಲ್ಲೇ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ.

ಡಬ್ಬಿಯ ಬಣ್ಣವೂ ಬಹುಪಾಲು ಸಣ್ಣ ಕಣಗಳೇ. ಅವನ್ನು ಕಾಗದಕ್ಕೆ ಅಂಟಿಸುವುದು ಆಫ್ರಿಕಾದ ಒಂದು ಬಗೆಯ ಅಕೇಶಿಯಾ ಮರದ ಗೋಂದು. ಹಾಗಾಗಿ ಬ್ರಶ್ಶಿನಿಂದ ಇಟ್ಟ ಒದ್ದೆ ಬಣ್ಣದಲ್ಲೂ ಇದೇ ಹರಿವು ನಡೆಯುತ್ತದೆ. ಮಾರ್ಚಿನ ಬಿಸಿಲಿನಲ್ಲಿ ಎಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಮೊದಲ ಅಂಚು ಗಟ್ಟಿಯಾಗಿಬಿಟ್ಟಿರುತ್ತದೆ. ಜುಲೈ ಮಳೆಯಲ್ಲಿ ಕೇಳಲೇಬೇಡಿ, ಬಣ್ಣ ಒಣಗುವುದಿರಲಿ, ಡಬ್ಬಿಗೇ ಬೂಷ್ಟು ಹಿಡಿಯುತ್ತದೆ.

ಕಾಫಿ ಹೂವಿಗೆ ಮಾತ್ರ ಈ ಗಟ್ಟಿ ಅಂಚು ಉಪಕಾರಿ. ಎಸಳಿನ ಗೆರೆಯವರೆಗೆ ಕಡುಹಸಿರನ್ನು ತುಸು ಧಾರಾಳವಾಗಿ ನಿಲ್ಲಿಸಿ, ಕಾಗದವನ್ನು ಅಲ್ಲಾಡಿಸದೆ ಒಣಗಲು ಬಿಡಿ. ಹಸಿರಿನ ಕಣಗಳು ತಾವಾಗಿಯೇ ಎಸಳಿನ ಪಕ್ಕಕ್ಕೆ ಬಂದು ಸೇರುತ್ತವೆ. ಸರಿಯಾಗಿ ಅಲ್ಲೇ ಹಸಿರು ಗಾಢವಾಗುವುದರಿಂದ ಪಕ್ಕದ ಖಾಲಿ ಕಾಗದ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಎಲ್ಲ ಎಸಳಿಗೂ ಹೀಗೆ ಮಾಡಿದರೆ ಹೂವು ಕತ್ತರಿಸಿ ಅಂಟಿಸಿದಂತಿರುತ್ತದೆ. ಹಿಂದಿನ ಸಾಲಿನ ಒಂದೆರಡು ಹೂಗಳ ಅಂಚನ್ನು ಬಣ್ಣ ಹಸಿಯಿರುವಾಗಲೇ ತೇವದ ಬ್ರಶ್ಶಿನಿಂದ ಸವರಿ ಮೆತ್ತಗೆ ಮಾಡಿಕೊಳ್ಳಿ.