ಆನ್ ನೆವಿಲ್: ಅಮ್ಮನ ಆಸ್ತಿ, ಮಗಳ ಎರಡು ಮದುವೆ

15ನೇ ಶತಮಾನದ ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕಾಗಿ ಲ್ಯಾಂಕಸ್ಟರ್ ಮತ್ತು ಯಾರ್ಕ್ ಮನೆತನಗಳು ನಡೆಸಿದ ಗುಲಾಬಿ ಯುದ್ಧಗಳನ್ನು ಓದುವಾಗ ಆನ್ ನೆವಿಲ್ ಹೆಸರು ಎರಡು ಸಲ ಎದುರಾಗುತ್ತದೆ. ಮೊದಲು ಲ್ಯಾಂಕಸ್ಟರ್ ಪಕ್ಷದ ಯುವರಾಜನ ಹೆಂಡತಿಯಾಗಿ. ಆಮೇಲೆ ಯಾರ್ಕ್ ಪಕ್ಷದ ಮೂರನೇ ರಿಚರ್ಡ್‌ನ ರಾಣಿಯಾಗಿ. ಕಡುವೈರಿಗಳಾಗಿದ್ದ ಎರಡೂ ಮನೆಗೆ ಒಬ್ಬಳೇ ಹುಡುಗಿ ಸೊಸೆಯಾದದ್ದು ಹೇಗೆ? ಇದು ತಿಳಿಯಬೇಕಾದರೆ ಅವಳ ಅಮ್ಮನಿಂದ ಶುರು ಮಾಡಬೇಕು.

ಅಮ್ಮನ ಹೆಸರೂ ಆನ್. ತವರು ಬೀಚಮ್ ಮನೆತನ. ಗೊಂದಲ ಬೇಡ ಅಂತ ಇಲ್ಲಿ ಅವಳನ್ನು ಕೌಂಟೆಸ್ (ಅರ್ಲ್ ಎಂಬ ದೊಡ್ಡ ಪದವಿಯವನ ಹೆಂಡತಿ) ಎಂದೇ ಕರೆಯುತ್ತೇನೆ. ಚಿಕ್ಕ ವಯಸ್ಸಿನಲ್ಲೇ ಅವಳಿಗೆ ರಿಚರ್ಡ್ ನೆವಿಲ್ ಜೊತೆ ಮದುವೆಯಾಯಿತು. ಅವಳ ಅಣ್ಣನಿಗೆ ರಿಚರ್ಡ್ ನೆವಿಲ್‌ನ ಸೋದರಿಯನ್ನು ತಂದರು. ಒಂದು ಹೆಣ್ಣು ಕೊಟ್ಟು ಒಂದು ಹೆಣ್ಣು ತರುವ ಇಂಥ ಸಂಬಂಧ ನಮಗೇನೂ ಹೊಸದಲ್ಲ, ಅಲ್ವಾ? 1446ರಲ್ಲಿ ಅಣ್ಣ ತೀರಿಕೊಂಡ. 1449ರಲ್ಲಿ ಅವನ ಒಬ್ಬಳೇ ಪುಟ್ಟ ಮಗಳೂ ಹೋದಳು. ಕೌಂಟೆಸ್‌ಗೆ ಮೂವರು ಮಲ ಅಕ್ಕಂದಿರು ಇದ್ದರು, ಅವರು ಜಗಳವನ್ನೂ ತೆಗೆದರು. ಆದರೂ ವಾರಿಕ್ ಕೋಟೆ, ಪದವಿ, ಜಮೀನಿನ ಬಹುಪಾಲು ಕೌಂಟೆಸ್‌ಗೇ ಬಂತು. ಹೆಂಡತಿಯ ಕಡೆಯಿಂದಲೇ ಅವಳ ಗಂಡ 20ನೇ ವಯಸ್ಸಿಗೆ ವಾರಿಕ್‌ನ ಅರ್ಲ್ ಆದ. ಮುಂದೆ ಕಿಂಗ್‌ಮೇಕರ್, ಅಂದರೆ ದೊರೆಗಳನ್ನು ಪಟ್ಟಕ್ಕೆ ಕೂರಿಸುವವನು, ಅಂತ ಹೆಸರಾದವನು ಇವನೇ. ಇನ್ನು ಮುಂದೆ ಇವನನ್ನು ವಾರಿಕ್ ಎನ್ನುತ್ತೇನೆ. ಅವನ ಅಪ್ಪನಿಗೂ ಸಾಲ್ಸ್‌ಬರಿಯ ಪದವಿ ಬಂದದ್ದು ಹೆಂಡತಿಯಿಂದಲೇ. ನೆವಿಲ್‌ಗಳು ಬೆಳೆದದ್ದು ಕತ್ತಿಯಿಂದಷ್ಟೇ ಅಲ್ಲ, ಮದುವೆ ಮಂಟಪದಿಂದಲೂ ಹೌದು.

ಈ ದಂಪತಿಗೆ ಗಂಡುಮಕ್ಕಳಿಲ್ಲ. ಇಸಬೆಲ್ ಹುಟ್ಟಿದ್ದು 1451ರಲ್ಲಿ, ಆನ್ 1456ರ ಜೂನ್ 11ರಂದು. ಇಂಗ್ಲೆಂಡಿನ ಅತಿ ದೊಡ್ಡ ಆಸ್ತಿಗಳಲ್ಲೊಂದು ಇಬ್ಬರು ಹುಡುಗಿಯರ ಪಾಲಿಗೆ ಬರಲಿತ್ತು.

ಇನ್ನು ರಾಜಮನೆತನದ ನಂಟು. ವಾರಿಕ್‌ನ ಸೋದರತ್ತೆ ಸಿಸಿಲಿ ನೆವಿಲ್. ಅವಳ ಮಕ್ಕಳೇ ದೊರೆ ನಾಲ್ಕನೇ ಎಡ್ವರ್ಡ್, ಕ್ಲಾರೆನ್ಸ್‌ನ ಡ್ಯೂಕ್ ಜಾರ್ಜ್ ಮತ್ತು ಗ್ಲಾಸ್ಟರ್‌ನ ಡ್ಯೂಕ್ ರಿಚರ್ಡ್ (ಮುಂದಿನ ಮೂರನೇ ರಿಚರ್ಡ್). ಈ ರಿಚರ್ಡ್ ಹುಡುಗನಾಗಿದ್ದಾಗ ಕೆಲವು ವರ್ಷ ವಾರಿಕ್‌ನ ಮನೆಯಲ್ಲೇ ಬೆಳೆದ. 1461ರಲ್ಲಿ ಎಡ್ವರ್ಡ್ ಪಟ್ಟಕ್ಕೆ ಬಂದದ್ದರಲ್ಲಿ ವಾರಿಕ್‌ನ ಪಾಲು ದೊಡ್ಡದು. ಆದರೆ 1464ರಲ್ಲಿ ದೊರೆ ಯಾರಿಗೂ ಹೇಳದೆ ಎಲಿಜಬೆತ್ ವುಡ್‌ವಿಲ್‌ಳನ್ನು ಮದುವೆಯಾದ. ಆಗ ವಾರಿಕ್ ಅವನಿಗೆ ಫ್ರಾನ್ಸ್ ಕಡೆಯ ಹೆಣ್ಣು ನೋಡುತ್ತಿದ್ದ! ಮೇಲಾಗಿ, ತನ್ನ ಹಿರಿಯ ಮಗಳು ಇಸಬೆಲ್‌ಳನ್ನು ಕ್ಲಾರೆನ್ಸ್‌ಗೆ ಕೊಡಲು ಹೊರಟರೆ ದೊರೆ ಒಪ್ಪಲಿಲ್ಲ. 1469ರ ಜುಲೈನಲ್ಲಿ ವಾರಿಕ್, ಫ್ರಾನ್ಸ್ ಕರಾವಳಿಯಲ್ಲಿ ಆಗ ಇಂಗ್ಲೆಂಡಿನ ಕೈಯಲ್ಲಿದ್ದ ಕ್ಯಾಲೇಯಲ್ಲಿ ಆ ಮದುವೆಯನ್ನು ಮಾಡಿಯೇ ಮುಗಿಸಿದ ಮತ್ತು ದಂಗೆ ಎದ್ದ. ದಂಗೆ ಕೆಟ್ಟು 1470ರಲ್ಲಿ ಇಡೀ ಕುಟುಂಬ ಹಡಗು ಹತ್ತಿತು. ಕ್ಯಾಲೇ ಬಂದರಿನಲ್ಲಿ ಒಳಗೆ ಬಿಡಲಿಲ್ಲ. ಇಸಬೆಲ್‌ಗೆ ಹಡಗಿನಲ್ಲೇ ಹೆರಿಗೆಯಾಗಿ ಮಗು ತೀರಿಕೊಂಡಿತು.

ಆನ್‌ಳ ಮೊದಲ ಮದುವೆ ಕುದುರಿದ್ದು ಇಂಥ ಹೊತ್ತಿನಲ್ಲಿ. ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿ ಮಧ್ಯಸ್ಥಿಕೆ ವಹಿಸಿದ. ಅವನಿಗೆ ತನ್ನ ಎದುರಾಳಿಯಾದ ಬರ್ಗಂಡಿಯ ಡ್ಯೂಕ್‌ನ ವಿರುದ್ಧ ಇಂಗ್ಲೆಂಡಿನ ನೆರವು ಬೇಕಿತ್ತು. ವಾರಿಕ್ ತನ್ನ ಹಳೆಯ ಶತ್ರು, ಲ್ಯಾಂಕಸ್ಟರ್ ಪಕ್ಷದ ರಾಣಿ ಮಾರ್ಗರೆಟ್ ಜೊತೆ ರಾಜಿಗೆ ಬಂದ. ಅವಳ ಮಗ ಎಡ್ವರ್ಡ್‌ಗೆ ಆನ್‌ಳನ್ನು ಕೊಡುವುದೇ ಆ ರಾಜಿಗೆ ಮುದ್ರೆ. ಜುಲೈನಲ್ಲಿ ಆಂಜೆ ಪಟ್ಟಣದಲ್ಲಿ ನಿಶ್ಚಿತಾರ್ಥ, ಡಿಸೆಂಬರ್‌ನಲ್ಲಿ ಆಂಬ್ವಾಜ್‌ನಲ್ಲಿ ಮದುವೆ. ಹುಡುಗನಿಗೆ 17, ಹುಡುಗಿಗೆ 14. ಮಾರ್ಗರೆಟ್‌ಗೆ ಬೀಗರ ಮೇಲೆ ನಂಬಿಕೆ ಕಡಿಮೆ. ವಾರಿಕ್ ಇಂಗ್ಲೆಂಡಿಗೆ ಹೋಗಿ, 1461ರಲ್ಲಿ ಪಟ್ಟ ಕಳೆದುಕೊಂಡಿದ್ದ ಅವಳ ಗಂಡ ಆರನೇ ಹೆನ್ರಿಯನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಿದರೂ ಅವಳು ಮಗನನ್ನು ಫ್ರಾನ್ಸಿನಲ್ಲೇ ಇಟ್ಟುಕೊಂಡಳು.

ಕೊನೆಗೆ ಅವರೆಲ್ಲ ವೇಮತ್ ಬಂದರಿಗೆ ಬಂದಿಳಿದದ್ದು 1471ರ ಏಪ್ರಿಲ್ 14ರಂದು. ಅದೇ ದಿನ ಬಾರ್ನೆಟ್ ಕಾಳಗದಲ್ಲಿ ವಾರಿಕ್ ಸತ್ತ. ಮೇ 4ರಂದು ಟ್ಯೂಕ್ಸ್‌ಬರಿಯಲ್ಲಿ ಆನ್‌ಳ ಗಂಡನೂ ಸತ್ತ. 15 ತುಂಬುವ ಮೊದಲೇ ಅವಳು ವಿಧವೆ. ಅತ್ತೆ ಸೆರೆಯಾದಳು. ಅಮ್ಮ ಬ್ಯೂಲಿ ಮಠದಲ್ಲಿ ಆಶ್ರಯ ಹಿಡಿದು ಕೂತಳು.

ಆನ್ ಹೋಗಿ ಸೇರಿದ್ದು ಅಕ್ಕ-ಭಾವನ ಮನೆಯನ್ನು. ಕ್ಲಾರೆನ್ಸ್ ಆಗಲೇ ಪಕ್ಷ ಬದಲಿಸಿ ಅಣ್ಣನ ಕಡೆ ಸೇರಿದ್ದ. ಈಗ ಅವನ ತಮ್ಮ ರಿಚರ್ಡ್ ಆನ್‌ಳನ್ನು ಮದುವೆಯಾಗುತ್ತೇನೆ ಎಂದ. ಕ್ಲಾರೆನ್ಸ್ ಅವಳಿಗೆ ಅಡುಗೆಯವಳ ವೇಷ ಹಾಕಿಸಿ ಲಂಡನ್‌ನಲ್ಲಿ ಬಚ್ಚಿಟ್ಟ, ರಿಚರ್ಡ್ ಪತ್ತೆ ಹಚ್ಚಿ ಕರೆದೊಯ್ದ ಎಂದು ಕ್ರೌಲೆಂಡ್ ಮಠದ ವೃತ್ತಾಂತ ಹೇಳುತ್ತದೆ. ಇದನ್ನು ಓದಿ ಬಾಲ್ಯದ ಗೆಳೆಯರ ಪ್ರೇಮಕಥೆ ಕಟ್ಟಿದವರು ಜಾಸ್ತಿ. ನನಗೆ ಅದಕ್ಕಿಂತ 1472ರ ಫೆಬ್ರುವರಿಯ ಒಂದು ಪ್ಯಾಸ್ಟನ್ ಪತ್ರವೇ (ಆ ಕಾಲದ ಪ್ಯಾಸ್ಟನ್ ಮನೆತನದ ಪತ್ರಗಳಲ್ಲೊಂದು) ಮುಖ್ಯ ಅನ್ನಿಸುತ್ತದೆ. ಅದರಲ್ಲಿ ಕ್ಲಾರೆನ್ಸ್‌ನ ಮಾತಿನ ಸಾರ ಇದೆ: ನಾದಿನಿಯನ್ನು ಬೇಕಾದರೆ ಕರೆದುಕೊಂಡು ಹೋಗಲಿ, ಆಸ್ತಿಯಲ್ಲಿ ಮಾತ್ರ ಪಾಲು ಕೊಡುವುದಿಲ್ಲ. ಅಣ್ಣತಮ್ಮಂದಿರು ಷಡ್ಡಕರೂ ಆದರೆ ಪಾಲಿನ ಜಗಳ ಎಷ್ಟು ಕಹಿಯಾಗುತ್ತದೆ ನೋಡಿ.

ಹತ್ತಿರದ ನೆಂಟರಾದ್ದರಿಂದ ಮದುವೆಗೆ ಪೋಪ್ ಅನುಮತಿ ಬೇಕಿತ್ತು. ನಮ್ಮಲ್ಲಿ ಸೋದರಿಕೆ ಸಂಬಂಧಕ್ಕೆ ಮನೆಯ ಹಿರಿಯರು ಹೂಂ ಅಂದರೆ ಆಯಿತು. ಅಲ್ಲಿ ರೋಮ್‌ಗೆ ಅರ್ಜಿ ಹಾಕಬೇಕು!

ಈಗ ಆಸ್ತಿಯ ವಿಷಯ. ಇಲ್ಲಿ ನಿಧಾನವಾಗಿ ಓದಿ. ವಾರಿಕ್ ದೊರೆಯ ವಿರುದ್ಧ ಹೋರಾಡಿ ಸತ್ತವನು. ಅವನನ್ನು ರಾಜದ್ರೋಹಿ ಎಂದು ಸಂಸತ್ತು ಘೋಷಿಸಿದರೆ ಅವನ ಜಮೀನು ದೊರೆಗೆ ಹೋಗುತ್ತದೆ. ದೊರೆ ಅದನ್ನು ತಮ್ಮಂದಿರಿಗೆ ದಾನ ಕೊಡಬಹುದು. ಆದರೆ ಕೊಟ್ಟ ದಾನವನ್ನು ನಾಳೆ ವಾಪಸ್ ಪಡೆಯಬಹುದು. ಹೆಂಡತಿಯ ಕಡೆಯಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಕಸಿಯುವುದು ಅಷ್ಟು ಸುಲಭವಲ್ಲ. ಅದಕ್ಕೇ ಆ ಘೋಷಣೆ ಆಗಲೇ ಇಲ್ಲ. ಹಾಗಾದರೂ ಒಂದು ತೊಡಕು ಉಳಿಯಿತು. ಬೀಚಮ್ ಆಸ್ತಿ ಕೌಂಟೆಸ್‌ಳದ್ದು, ಅವಳು ಗಟ್ಟಿಮುಟ್ಟಾಗಿ ಬದುಕಿದ್ದಳು. 1474ರ ಸಂಸತ್ತು ಕಂಡುಕೊಂಡ ದಾರಿ ನೋಡಿ: ಕೌಂಟೆಸ್ ಸತ್ತೇ ಹೋಗಿದ್ದಾಳೆ ಎಂಬಂತೆ ಅಳಿಯಂದಿರು ಆಸ್ತಿಯನ್ನು ಅನುಭವಿಸಬಹುದು! ಆನ್ ಜೊತೆಗಿನ ಮದುವೆ ಮುರಿದರೂ ರಿಚರ್ಡ್‌ನ ಕೈಯಲ್ಲಿ ಜಮೀನು ಉಳಿಯುವ ಹಾಗೆ ಒಂದು ಷರತ್ತೂ ಸೇರಿತು. ಕೌಂಟೆಸ್ ಸುಮ್ಮನೆ ಕೂತಿರಲಿಲ್ಲ. ಮಠದಿಂದಲೇ ದೊರೆಗೆ, ರಾಣಿಗೆ, ಸಂಸತ್ತಿಗೆ ಅರ್ಜಿ ಬರೆದಳು. ಗುಮಾಸ್ತರು ಸಿಗದೆ ಕೆಲವನ್ನು ತನ್ನ ಕೈಯಲ್ಲೇ ಬರೆದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1473ರಲ್ಲೇ ಅವಳನ್ನು ರಿಚರ್ಡ್‌ನ ಮಿಡಲ್‌ಹ್ಯಾಮ್ ಕೋಟೆಗೆ ಕರೆದೊಯ್ದಿದ್ದರು.

ಉಳಿದದ್ದು ಬೇಗ ಮುಗಿಯುತ್ತದೆ. ಇಸಬೆಲ್ 1476ರಲ್ಲಿ ತೀರಿಕೊಂಡಳು. 1478ರಲ್ಲಿ ಕ್ಲಾರೆನ್ಸ್‌ನನ್ನು ರಾಜದ್ರೋಹಕ್ಕಾಗಿ ಕೊಲ್ಲಿಸಲಾಯಿತು. 1483ರಲ್ಲಿ ನಾಲ್ಕನೇ ಎಡ್ವರ್ಡ್ ತೀರಿಕೊಂಡ, ಅವನ ಮಕ್ಕಳನ್ನು ಬದಿಗೊತ್ತಿ ರಿಚರ್ಡ್ ದೊರೆಯಾದ. ಜುಲೈ 6ರಂದು ರಿಚರ್ಡ್ ಮತ್ತು ಆನ್ ಇಬ್ಬರಿಗೂ ಒಟ್ಟಿಗೆ ಪಟ್ಟಾಭಿಷೇಕ. ಮರುವರ್ಷ ಏಪ್ರಿಲ್‌ನಲ್ಲಿ ಅವರ ಒಬ್ಬನೇ ಮಗ ಎಡ್ವರ್ಡ್ ಮಿಡಲ್‌ಹ್ಯಾಮ್‌ನಲ್ಲಿ ತೀರಿಕೊಂಡ. ನಾಟಿಂಗ್‌ಹ್ಯಾಮ್‌ನಲ್ಲಿದ್ದ ಅಪ್ಪ-ಅಮ್ಮ ಸುದ್ದಿ ಕೇಳಿ ಹುಚ್ಚು ಹಿಡಿದವರಂತಾದರು ಎಂದು ಅದೇ ಕ್ರೌಲೆಂಡ್ ವೃತ್ತಾಂತ ಹೇಳುತ್ತದೆ. ಆನ್ 1485ರ ಮಾರ್ಚ್ 16ರಂದು, ಸೂರ್ಯಗ್ರಹಣದ ದಿನ, 28ನೇ ವಯಸ್ಸಿಗೆ ತೀರಿಕೊಂಡಳು. ಅಷ್ಟರಲ್ಲಿ ರಿಚರ್ಡ್ ಅಣ್ಣನ ಮಗಳನ್ನೇ ಮದುವೆಯಾಗುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ಅದು ಸುಳ್ಳು ಅಂತ ಅವನು ಜನರ ಮುಂದೆ ನಿಂತು ಹೇಳಬೇಕಾಯಿತು. ಆಗಸ್ಟ್‌ನಲ್ಲಿ ಬಾಸ್ವರ್ತ್ ಕಾಳಗದಲ್ಲಿ ಅವನೂ ಹೋದ.

ಕಾನೂನಿನ ಲೆಕ್ಕದಲ್ಲಿ ಸತ್ತಿದ್ದ ಕೌಂಟೆಸ್ ಇಬ್ಬರು ಹೆಣ್ಣುಮಕ್ಕಳಿಗಿಂತಲೂ ಹೆಚ್ಚು ಕಾಲ ಬದುಕಿದಳು. 1487ರಲ್ಲಿ, ಬಾಸ್ವರ್ತ್‌ನಲ್ಲಿ ಗೆದ್ದ ಹೊಸ ದೊರೆ ಏಳನೇ ಹೆನ್ರಿ ಅವಳ ಆಸ್ತಿಯನ್ನು ಹಿಂದಿರುಗಿಸಿದ. ಒಂದು ಕೈಯಲ್ಲಿ ಕೊಟ್ಟು, ಅದರಲ್ಲಿ ಬಹುಪಾಲನ್ನು ತನ್ನ ಹೆಸರಿಗೇ ಬರೆಸಿಕೊಂಡ. ಹಾಗೆ ಮಾಡಿದ್ದರಿಂದ ಪಾಲು ತಪ್ಪಿದ್ದು ಇಸಬೆಲ್‌ಳ ಮಗನಿಗೆ. ಆ ಹುಡುಗ ಆಗಲೇ ಲಂಡನ್ ಟವರ್‌ನಲ್ಲಿ ಸೆರೆಯಲ್ಲಿದ್ದ. 1499ರಲ್ಲಿ ಅವನ ತಲೆ ಕಡಿಸಿದರು.