ಸ್ಟ್ರೋಕ್ ತಲೆಯಲ್ಲಿ, ಸ್ಟೆಂಟ್ ಕುತ್ತಿಗೆಯಲ್ಲಿ ಯಾಕೆ?

"ಡಾಕ್ಟ್ರೇ, ಸ್ಟ್ರೋಕ್ ಆದದ್ದು ತಲೆಗೆ ಅಲ್ವಾ? ಮತ್ತೆ ಕುತ್ತಿಗೆಗೆ ಯಾಕೆ ಸ್ಟೆಂಟ್?"

ರಕ್ತನಾಳದೊಳಗೆ ನಳಿಗೆ ಹಾಕಿ ಚಿಕಿತ್ಸೆ ಮಾಡುವ ಕೋಣೆ, ಕ್ಯಾತ್‌ಲ್ಯಾಬ್‌ನ ಬಾಗಿಲಲ್ಲಿ ನಿಂತು ಹೀಗೆ ಕೇಳಿದ್ದು ಕಾಸರಗೋಡಿನ ಬದಿಯಡ್ಕದ ಆಚೆಯ ಒಬ್ಬ ಅಡಿಕೆ ಕೃಷಿಕರ ಮಗ. ಒಳಗೆ ಮೇಜಿನ ಮೇಲೆ ಅವರ ಅಪ್ಪ. ತಲೆಯ ಕ್ಲಾಟ್, ಅಂದರೆ ಹೆಪ್ಪುಗಟ್ಟಿದ ರಕ್ತ, ತೆಗೆದಾಗಿತ್ತು. ಆದರೆ ಕುತ್ತಿಗೆಯ ರಕ್ತನಾಳ ನಮ್ಮ ಕಣ್ಣೆದುರೇ ಮತ್ತೆ ಮುಚ್ಚಿಕೊಳ್ಳುತ್ತಾ ಬಂದಿತ್ತು. ಅದಕ್ಕೇ ನಾನು ಹೊರಗೆ ಬಂದದ್ದು. ಉತ್ತರ ಹೇಳಲು ಇದ್ದದ್ದು ಒಂದೇ ನಿಮಿಷ. ಅವರು ಸಹಿ ಹಾಕಿದರು, ನಾನು ಒಳಗೆ ಹೋದೆ. ಅವತ್ತು ಒಂದು ನಿಮಿಷದಲ್ಲಿ ಹೇಳಿದ್ದನ್ನು ಇವತ್ತು ನಿಧಾನವಾಗಿ ಹೇಳುತ್ತೇನೆ. ಗುರುತು ಸಿಗಬಾರದು ಎಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಗಂಟಲುಮಣಿಯ ಒಂದು ಪಕ್ಕಕ್ಕೆ ಎರಡು ಬೆರಳು ಮೆಲ್ಲನೆ ಇಡಿ. ಒತ್ತಬೇಡಿ. ಅಲ್ಲಿ ಮಿಡಿಯುವುದೇ ಕೆರೋಟಿಡ್ ರಕ್ತನಾಳ. ಎಡಕ್ಕೊಂದು, ಬಲಕ್ಕೊಂದು ಇದೆ. ದವಡೆಗಿಂತ ಸ್ವಲ್ಪ ಕೆಳಗೆ ಅದು ಎರಡು ಕವಲಾಗುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮೆದುಳಿಗೆ. ತೋಟಕ್ಕೆ ಪೈಪ್ ಎಳೆದವರಿಗೆ ಗೊತ್ತಿರುತ್ತದೆ, ಕಸ ಜಾಸ್ತಿ ಕಟ್ಟುವುದು ಕವಲಿಗೆ ಟೀ ಜಾಯಿಂಟ್ ಹಾಕಿದ ಜಾಗದಲ್ಲಿ. ಇಲ್ಲಿಯೂ ಹಾಗೇ. ಕವಲಿನಲ್ಲಿ ರಕ್ತ ಸುಳಿ ತಿರುಗುತ್ತದೆ, ಗೋಡೆಯ ಒಳಗೆ ವರ್ಷಗಟ್ಟಲೆ ಕೊಬ್ಬು ಸೇರುತ್ತಾ ಹೋಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಅದನ್ನು ಬೆಳೆಸುತ್ತವೆ. ಎಲೆ ಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪೂ ರಕ್ತನಾಳಕ್ಕೆ ಒಳ್ಳೆಯದಲ್ಲ. ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು.

ಒಂದು ದಿನ ಆ ಕೊಬ್ಬಿನ ಮೇಲ್ಪದರ ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕುತ್ತಿಗೆಯಲ್ಲಿ ನಾಳ ಮುಚ್ಚಿಹೋಗುತ್ತದೆ. ಅದರ ಒಂದು ಚೂರು ಕಿತ್ತು ಮೇಲೆ ಹೋಗಿ ತಲೆಯ ಒಳಗಿನ ದೊಡ್ಡ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಈಗ ಒಂದೇ ದಾರಿಯಲ್ಲಿ ಎರಡು ಕಡೆ ಬ್ಲಾಕ್. ನಾವು ಇದಕ್ಕೆ ಟ್ಯಾಂಡಮ್ ಬ್ಲಾಕ್ ಎನ್ನುತ್ತೇವೆ. ಎಲ್ಲ ಸ್ಟ್ರೋಕೂ ಹೀಗಲ್ಲ. ಕೆಲವರಿಗೆ ಕ್ಲಾಟ್ ಹೃದಯದಿಂದ ಬರುತ್ತದೆ. ಕೆಲವರಿಗೆ ಸಣ್ಣ ನಾಳ ಮುಚ್ಚುತ್ತದೆ, ಇನ್ನು ಕೆಲವರಿಗೆ ತಲೆಯೊಳಗೆ ರಕ್ತಸ್ರಾವವೇ ಆಗಿರುತ್ತದೆ. ಮೆದುಳಿನ ಮುಂಭಾಗದ ದೊಡ್ಡ ನಾಳ ಮುಚ್ಚಿ, ಕ್ಲಾಟ್ ತೆಗೆಸಲು ನಮ್ಮ ಮೇಜಿಗೆ ಬರುವವರಲ್ಲಿ ಸುಮಾರು ಐದಾರು ಜನಕ್ಕೆ ಒಬ್ಬರದ್ದು ಹೀಗೆ ಎರಡು ಕಡೆಯ ಬ್ಲಾಕ್.

ಆ ಮಗನ ಅಪ್ಪ ಅವತ್ತು ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರಂತೆ. ಕೈಯಿಂದ ಗೋರೆ ಜಾರಿ ಬಿತ್ತು. ಹೆಂಡತಿ ಕರೆದರೆ ನೋಡುತ್ತಾರೆ, ಮಾತಿಲ್ಲ. ಬಲಗೈ, ಬಲಗಾಲು ಎರಡಕ್ಕೂ ಶಕ್ತಿ ಇಲ್ಲ. ಆ ಅಮ್ಮ ಒಂದು ದೊಡ್ಡ ಉಪಕಾರ ಮಾಡಿದ್ದರು. ಎಂಟು ಗಂಟೆಗೆ ಕಾಫಿ ಕುಡಿಯುವಾಗ ಗಂಡ ಸರಿಯಾಗಿ ಮಾತಾಡಿದ್ದನ್ನು ನೆನಪಿಟ್ಟುಕೊಂಡು ಬಂದಿದ್ದರು. ನಮಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಆ ಗಂಟೆ. ಬಿದ್ದದ್ದು ಯಾವಾಗ ಎಂದು ನಾವು ಕೇಳುವುದಲ್ಲ, ಕೊನೆಯ ಸಲ ಸರಿ ಇದ್ದದ್ದು ಯಾವಾಗ ಎಂದು ಕೇಳುವುದು. ಕ್ಲಾಟ್ ಕರಗಿಸುವ ಇಂಜೆಕ್ಷನ್ ಆ ಗಂಟೆಯಿಂದ ನಾಲ್ಕೂವರೆ ಗಂಟೆಯ ಒಳಗೆ. ತಂತಿ ಹಾಕಿ ಕ್ಲಾಟ್ ತೆಗೆಯುವುದು ಸಾಮಾನ್ಯವಾಗಿ 6 ಗಂಟೆಯ ಒಳಗೆ. ಸ್ಕ್ಯಾನ್‌ನಲ್ಲಿ ಉಳಿಸಲು ಮೆದುಳು ಇನ್ನೂ ಬಾಕಿ ಇದೆ ಎಂದು ಕಂಡರೆ 24 ಗಂಟೆಯವರೆಗೂ ಮಾಡಬಹುದು ಎಂದು 2018ರಲ್ಲಿ ಬಂದ ಅಧ್ಯಯನಗಳು ತೋರಿಸಿಕೊಟ್ಟವು. ಆದರೆ 24 ಗಂಟೆ ಇದೆಯಲ್ಲ ಎಂದು ಯಾರೂ ಕಾಯಬೇಡಿ. ದೊಡ್ಡ ನಾಳ ಮುಚ್ಚಿದ ಮೆದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ.

ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ ಎಂಬುದೇ ನಮ್ಮ ಆಸೆ. ನಮ್ಮ ಕಾಸರಗೋಡಿನ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿವೆ. ಬೇಸಿಗೆಯಲ್ಲಿ ಪಂಪು ಕೆಟ್ಟರೂ ಸುರಂಗದಿಂದ ಹನಿ ಹನಿ ಬರುವ ನೀರಿನಲ್ಲಿ ತೋಟ ಒಂದಷ್ಟು ದಿನ ಜೀವ ಹಿಡಿದುಕೊಂಡಿರುತ್ತದೆ. ಸೋಗೆ ಬಾಡಿದರೂ ಮರ ಸತ್ತಿರುವುದಿಲ್ಲ. ಮೆದುಳಿನಲ್ಲಿಯೂ ಅಕ್ಕಪಕ್ಕದ ಸಣ್ಣ ನಾಳಗಳಿಂದ ಹೀಗೆ ಸ್ವಲ್ಪ ರಕ್ತ ಬರುತ್ತಿರುತ್ತದೆ. ಬಾಡಿದ ಆ ಭಾಗವನ್ನು ಒಣಗುವ ಮೊದಲು ಉಳಿಸಬೇಕು.

ಸಿಟಿ ಮಾಡಿ ರಕ್ತಸ್ರಾವ ಇಲ್ಲ ಎಂದು ನೋಡಿ ಇಂಜೆಕ್ಷನ್ ಕೊಟ್ಟೆವು. ಎರಡು ಕಡೆ ಬ್ಲಾಕ್ ಇದ್ದಾಗ, ಉದ್ದದ ಕ್ಲಾಟ್ ಇದ್ದಾಗ, ಇಂಜೆಕ್ಷನ್ ಒಂದೇ ಸಾಲುವುದು ಕಡಿಮೆ. ಅದಕ್ಕೇ ಸಿಟಿಯ ಜೊತೆಗೇ ಎದೆಯಿಂದ ತಲೆಯವರೆಗಿನ ರಕ್ತನಾಳಗಳ ಆಂಜಿಯೋಗ್ರಾಮ್. ತಲೆ ಮಾತ್ರ ನೋಡಿ ಕುತ್ತಿಗೆ ಬಿಟ್ಟರೆ ದಾರಿ ಗೊತ್ತಿಲ್ಲದೆ ಹೊರಟ ಹಾಗೆ.

ತೊಡೆಸಂದಿನ ರಕ್ತನಾಳದಿಂದ ಒಂದು ನಳಿಗೆ ಮೇಲೇರಿಸುತ್ತೇವೆ. ಹೊಟ್ಟೆ, ಎದೆ ದಾಟಿ ಕುತ್ತಿಗೆಯವರೆಗೆ. ರೋಗಿಗೆ ಎಷ್ಟೋ ಸಲ ಪೂರ್ತಿ ಎಚ್ಚರ ಇರುತ್ತದೆ. ಮೊದಲು ಕುತ್ತಿಗೆಯನ್ನು ಬಿಡಿಸುವುದೋ, ಮೊದಲು ತಲೆಗೆ ಹೋಗುವುದೋ ಎಂದು ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ನಾನು ಸಾಧ್ಯವಾದಷ್ಟು ತಲೆಗೇ ಮೊದಲು ಹೋಗುವವನು. ಮೆದುಳಿನ ಬುಡದಲ್ಲಿ ಎಡ ಬಲ ನಾಳಗಳನ್ನು ಸೇರಿಸುವ ಒಂದು ಬಳೆ ಇದೆ. ಕುತ್ತಿಗೆಯ ಎಡ ನಾಳ ಮುಚ್ಚಿದ್ದರೂ ಬಳೆ ಚೆನ್ನಾಗಿದ್ದರೆ ಬಲದಿಂದ ರಕ್ತ ಬರುತ್ತದೆ. ಆದರೆ ಬಳೆಯ ಆಚೆ ಕ್ಲಾಟ್ ಕೂತರೆ ರಕ್ತಕ್ಕೆ ಇಂಥ ದೊಡ್ಡ ಬದಲಿ ದಾರಿ ಇಲ್ಲ. ಅದನ್ನು ಮೊದಲು ತೆಗೆದರೆ ಮೆದುಳಿಗೆ ಬೇಗ ರಕ್ತ ಸಿಗುತ್ತದೆ.

ಇವರ ಕುತ್ತಿಗೆಯ ನಾಳದಲ್ಲಿ ಉಳಿದಿದ್ದದ್ದು ಕೂದಲೆಳೆಯಷ್ಟು ದಾರಿ. ತೆಳು ತಂತಿ ದಾಟಿತು. ಹಿಂದಿನ ನಳಿಗೆ ದಾಟಲಿಲ್ಲ. ಸಣ್ಣ ಬಲೂನ್ ಉಬ್ಬಿಸಿದೆವು. ಆಗ ಮಾನಿಟರ್‌ನಲ್ಲಿ 78 ಇದ್ದ ಹೃದಯದ ಬಡಿತ 50ಕ್ಕೆ, 38ಕ್ಕೆ ಇಳಿಯಿತು. ಕೆರೋಟಿಡ್ ಕವಲಿನಲ್ಲಿ ರಕ್ತದೊತ್ತಡ ಅಳೆಯುವ ನರಗಳಿವೆ. ಒಳಗಿನಿಂದ ಒತ್ತಿದರೆ ಬಿಪಿ ಏರಿದೆ ಎಂದು ತಿಳಿದು ಅವು ಹೃದಯವನ್ನು ನಿಧಾನ ಮಾಡುತ್ತವೆ. ಬಡಿತ ಏರಿಸುವ ಮದ್ದು ಅಟ್ರೋಪಿನ್ ಸಿರಿಂಜ್‌ನಲ್ಲಿ ತುಂಬಿ ಇಟ್ಟಿರುತ್ತದೆ. ಕೊಟ್ಟೆವು, ಬಲೂನ್ ಇಳಿಸಿದೆವು, ಬಡಿತ ಮೇಲೆ ಬಂತು. ಎಷ್ಟು ವರ್ಷ ಮಾಡಿದರೂ ಆ ಕೆಲವು ಸೆಕೆಂಡು ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ತಲೆಯ ನಾಳ ಸುಮಾರು ಮೂರು ಮಿಲಿಮೀಟರ್ ಅಗಲ. ಕ್ಲಾಟಿನ ಒಳಗೆ ಸಣ್ಣ ಬಲೆಯಂಥ ಸಲಕರಣೆ ಬಿಡಿಸಿ, ಕೆಲವು ನಿಮಿಷ ಬಿಟ್ಟು, ಹಿಂದಿನಿಂದ ರಕ್ತ ಹೀರುತ್ತಾ ಎಳೆಯಬೇಕು. ಎರಡನೇ ಎಳೆತಕ್ಕೆ ಬಂತು. ಬಿಳಿ ಗಾಜ್ ಬಟ್ಟೆಯ ಮೇಲೆ ಇಟ್ಟರೆ ಒಣ ಪುನರ್ಪುಳಿ ಸಿಪ್ಪೆಯ ಚೂರಿನಂತೆ ಕಪ್ಪುಗೆಂಪು, ಒಂದು ಸೆಂಟಿಮೀಟರ್ ಉದ್ದ ಇರಬಹುದು. ಅಷ್ಟೇ. ಅಷ್ಟರಿಂದ ಒಬ್ಬ ಮನುಷ್ಯನ ಮಾತು ನಿಂತಿತ್ತು.

ನಮ್ಮ ಕಡೆ ಮಾತು ಪರೀಕ್ಷೆ ಮಾಡುವಾಗ ಒಂದು ವಿಷಯ ನೆನಪಿಡಬೇಕು. ಇದು ಹತ್ತಾರು ಭಾಷೆಯ ಊರು. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ಇನ್ನೊಂದು. ನಮ್ಮ ಸಿಸ್ಟರ್ ಕನ್ನಡದಲ್ಲಿ, ಮಲಯಾಳದಲ್ಲಿ ಕೈ ಎತ್ತಿ ಎಂದರು. ಇವರು ಸುಮ್ನೆ ನೋಡಿದರು. ಮನೆಮಾತು ತುಳು ಎಂದು ಅಮ್ಮ ಹೇಳಿದ್ದು ನೆನಪಾಗಿ ನಾನು ಬಗ್ಗಿ "ಕೈ ದೆರ್ಪುಲೆ" ಎಂದೆ. ಬಲಗೈ ಮೇಜಿನಿಂದ ಒಂದು ಗೇಣು ಮೇಲೆದ್ದಿತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕುತ್ತಿಗೆಯಲ್ಲಿ ಬಲೂನ್ ಮಾಡಿದ ಜಾಗವನ್ನು ಕೆಲವು ನಿಮಿಷಕ್ಕೊಮ್ಮೆ ಚಿತ್ರ ತೆಗೆದು ನೋಡಿದೆವು. ಮೊದಲ ಚಿತ್ರದಲ್ಲಿ ಒಳ್ಳೆಯ ಹರಿವು. ಹತ್ತು ನಿಮಿಷಕ್ಕೆ ಅರ್ಧ. ಬಿರಿದ ಜಾಗದಲ್ಲಿ ಮತ್ತೆ ಕ್ಲಾಟ್ ಕಟ್ಟುತ್ತಿತ್ತು. ಬಳೆಯ ದಾರಿಯೂ ಇವರಲ್ಲಿ ತೀರಾ ಸಪೂರ. ಹಾಗೇ ಬಿಟ್ಟರೆ ಪೂರ್ತಿ ಮುಚ್ಚಬಹುದು, ಅಥವಾ ಇನ್ನೊಂದು ಚೂರು ಮೇಲೆ ಹೋಗಬಹುದು.

ಸ್ಟೆಂಟ್ ಹಾಕಬಹುದಲ್ಲ ಎನ್ನುತ್ತೀರಿ. ಕಷ್ಟ ಇರುವುದೇ ಇಲ್ಲಿ. ಸ್ಟೆಂಟ್ ಲೋಹದ ಜಾಲರಿ. ಹಾಕಿದ ಕೂಡಲೇ ಆಸ್ಪಿರಿನ್ ತರಹದ, ಪ್ಲೇಟ್‌ಲೆಟ್ ಅಂಟದಂತೆ ಮಾಡುವ ಮದ್ದು ಬೇಕು. ಇಲ್ಲದಿದ್ದರೆ ಸ್ಟೆಂಟಿನ ಒಳಗೇ ಕ್ಲಾಟ್. ಆದರೆ ಕರಗಿಸುವ ಇಂಜೆಕ್ಷನ್ ಕೊಟ್ಟ ಮೇಲೆ 24 ಗಂಟೆ ಅಂಥ ಮದ್ದು ಕೊಡಬಾರದು ಎಂಬುದು ಸಾಮಾನ್ಯ ನಿಯಮ, ಮೆದುಳಿನಲ್ಲಿ ರಕ್ತಸ್ರಾವ ಆದೀತು ಎಂದು. ಒಂದು ಮದ್ದು ಬೇಕೇ ಬೇಕು, ಅದೇ ಮದ್ದು ಅಪಾಯ. ಹೃದಯದ ಸ್ಟೆಂಟಿಗೆ ಈ ಸಂಕಟ ಇಷ್ಟು ಇಲ್ಲ. ಪೆಟ್ಟು ತಿಂದ ಮೆದುಳು ಪಕ್ಕದಲ್ಲಿರುವುದೇ ವ್ಯತ್ಯಾಸ.

ಹಾಗಾಗಿ ಪ್ರತಿಯೊಬ್ಬರಿಗೂ ಬೇರೆ ಲೆಕ್ಕ. ಸಿಟಿಯಲ್ಲಿ ಮೆದುಳು ಎಷ್ಟು ಹಾಳಾಗಿದೆ? ಜಾಸ್ತಿ ಹಾಳಾಗಿದ್ದರೆ ಸ್ರಾವದ ಭಯ ಜಾಸ್ತಿ. ಬಲೂನ್ ಒಂದರಿಂದಲೇ ಹರಿವು ಚೆನ್ನಾಗಿ ಉಳಿದಿದೆಯೇ? ಹಾಗಿದ್ದರೆ ಬಿಟ್ಟು, ಕೆಲವು ದಿನ ಕಳೆದು ಸ್ಟೆಂಟ್ ಅಥವಾ ಆಪರೇಷನ್ ಮಾಡಬಹುದು. ಇವರಲ್ಲಿ ಹಾಳಾದ ಭಾಗ ಸಣ್ಣದು, ಕುತ್ತಿಗೆಯ ನಾಳ ಮಾತ್ರ ತೆರೆದು ಉಳಿಯುತ್ತಿಲ್ಲ. ಸ್ಟೆಂಟ್ ಹಾಕುವುದೇ ಸರಿ ಎಂದು ನನಗೆ ಕಂಡಿತು. ಅಪಾಯ ಇಲ್ಲ ಎಂದು ಮಗನಿಗೆ ಹೇಳಲಿಲ್ಲ. ಎರಡು ಅಪಾಯದಲ್ಲಿ ಇದು ಕಡಿಮೆ ಎಂದೆ. ಸ್ಟೆಂಟ್ ಹಾಕಿ, ಮಾತ್ರೆ ಪುಡಿ ಮಾಡಿ ಮೂಗಿನ ನಳಿಗೆಯಲ್ಲಿ ಕೊಟ್ಟೆವು.

ಆ ರಾತ್ರಿಯ ಕೆಲಸ ಬಿಪಿ ಕಾಯುವುದು. ಒಣಗಿದ ತೋಟಕ್ಕೆ ಒಮ್ಮೆಲೇ ಕಟ್ಟೆ ಒಡೆದು ನೀರು ಬಿಟ್ಟರೆ ಏರಿ ಕೊಚ್ಚಿ ಹೋಗುತ್ತದೆ. ಕಡಿಮೆ ಒತ್ತಡಕ್ಕೆ ಒಗ್ಗಿದ ಮೆದುಳಿನ ನಾಳಗಳಿಗೂ ಹಾಗೇ. ಸ್ಟೆಂಟ್ ಹಾಕಿದವರಲ್ಲಿ ಮೇಲಿನ ಬಿಪಿ 140ರ ಆಸುಪಾಸಿನಲ್ಲಿ ಹಿಡಿಯಲು ನೋಡುತ್ತೇವೆ. 120ಕ್ಕಿಂತ ಕೆಳಗೆ ಎಳೆದರೂ ಕೆಡುಕು. ಮರುದಿನದ ಸಿಟಿಯಲ್ಲಿ ಸ್ರಾವ ಇರಲಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. 2015ರಲ್ಲಿ ಬಂದ ಐದು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಕ್ಲಾಟ್ ತೆಗೆಸಿಕೊಂಡ ನೂರು ಜನರಲ್ಲಿ 46 ಮಂದಿ ಮೂರು ತಿಂಗಳಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗಿದ್ದರು. ತೆಗೆಸದವರಲ್ಲಿ ಸುಮಾರು 26. ಅಂತರ ದೊಡ್ಡದು. ಆದರೂ ತೆಗೆಸಿಕೊಂಡವರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಆ ಮಟ್ಟಕ್ಕೆ ಬರಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ.

ನನಗೆ ತುಂಬಾ ನೋವಾದದ್ದು ಮೂರನೇ ದಿನ. ಅಮ್ಮ ಮೆಲ್ಲನೆ ಹೇಳಿದರು, "ಹೋದ ವಾರ ಒಂದು ದಿನ ಎಡಗಣ್ಣಿಗೆ ಪರದೆ ಇಳಿದ ಹಾಗೆ ಆಯಿತು ಅಂದಿದ್ದರು. ಹತ್ತು ನಿಮಿಷದಲ್ಲಿ ಸರಿಯಾಯಿತು. ಕನ್ನಡಕದ ನಂಬರು ಬದಲಾಗಿದೆಯೋ ಏನೋ ಅಂತ ಬಿಟ್ಟೆವು." ಅದು ಕನ್ನಡಕದ್ದಲ್ಲ. ಎಡ ಕೆರೋಟಿಡ್‌ನಿಂದ ಹೋದ ಸಣ್ಣ ಚೂರು ಎಡಗಣ್ಣಿನ ನಾಳ ಮುಚ್ಚಿ, ತಾನಾಗಿ ಕರಗಿದ್ದು. ಕಣ್ಣಾದರೆ ಅದೇ ಬದಿ, ಕೈಕಾಲಾದರೆ ಎದುರು ಬದಿ. ಹತ್ತು ನಿಮಿಷ ಕೈ ಬಲ ಕಳೆದುಕೊಂಡು ಮತ್ತೆ ಬಂದರೂ, ಮಾತು ತೊದಲಿ ಸರಿಯಾದರೂ ಇದೇ ಅರ್ಥ. ದೊಡ್ಡ ಸ್ಟ್ರೋಕಿನ ಭಯ ಜಾಸ್ತಿ ಇರುವುದು ಅದರ ನಂತರದ ಎರಡು ದಿನ. ಸರಿಯಾಯಿತಲ್ಲ ಎಂದು ಮನೆಯಲ್ಲಿ ಕೂರಬೇಡಿ, ಅವತ್ತೇ ಹೊರಡಿ. ಹೀಗೆ ಲಕ್ಷಣ ತೋರಿಸಿದ, 70 ಶೇಕಡಕ್ಕಿಂತ ಜಾಸ್ತಿ ಸಪೂರವಾದ ನಾಳವನ್ನು ಮದ್ದಿನಲ್ಲೇ ಬಿಟ್ಟರೆ ಎರಡು ವರ್ಷದಲ್ಲಿ ಅದೇ ಬದಿಗೆ ಸ್ಟ್ರೋಕ್ ಆಗುವುದು ನೂರರಲ್ಲಿ 26 ಮಂದಿಗೆ, ಆಪರೇಷನ್ ಮಾಡಿದರೆ 9 ಮಂದಿಗೆ ಎಂದು 1991ರಲ್ಲೇ ಗೊತ್ತಾಗಿದೆ. ಎರಡು ವಾರದ ಒಳಗೆ ಮಾಡಿದರೆ ಲಾಭ ಜಾಸ್ತಿ. ಯಾವ ಲಕ್ಷಣವೂ ಇಲ್ಲದೆ ಸ್ಕ್ಯಾನ್‌ನಲ್ಲಿ ಬ್ಲಾಕ್ ಕಂಡವರ ಲೆಕ್ಕ ಬೇರೆ. ಅವರಲ್ಲಿ ಹೆಚ್ಚಿನವರಿಗೆ ಮದ್ದೇ ಸಾಕಾಗುತ್ತದೆ.

ನಮ್ಮ ಊರಿನವರಿಗೆ ದಾರಿಯ ಮಾತೂ ಹೇಳಬೇಕು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. 2020ರ ಮಾರ್ಚ್‌ನಲ್ಲಿ ಕೋವಿಡ್ ಎಂದು ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಏನೆಂದು ನಾವೆಲ್ಲ ಕಂಡಿದ್ದೇವೆ. ಈಗ ದಾರಿ ಇದೆ. ಆದರೂ ಬಿಪಿ ನೋಡಿಸಲು ಒಂದು ಕಡೆ, ಎಣ್ಣೆ ತಿಕ್ಕಿಸಲು ಇನ್ನೊಂದು ಕಡೆ ಎಂದು ಅರ್ಧ ದಿನ ಕಳೆದು ಬರುವವರನ್ನು ಇವತ್ತಿಗೂ ನೋಡುತ್ತೇನೆ. ಹತ್ತಿರ ಸಿಟಿ ಮತ್ತು ಇಂಜೆಕ್ಷನ್ ಇರುವ ಆಸ್ಪತ್ರೆ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಹೊರಡುವಾಗಲೇ ಫೋನ್ ಮಾಡಿ ಕ್ಲಾಟ್ ತೆಗೆಯುವ ವ್ಯವಸ್ಥೆ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ. ತಿನ್ನುವ ಮಾತ್ರೆಗಳ ಚೀಟಿ ಜೊತೆಗಿರಲಿ. ಬಾಯಿಗೆ ನೀರು, ಕಾಫಿ ಹಾಕಬೇಡಿ, ನುಂಗುವ ಶಕ್ತಿ ಹೋಗಿರಬಹುದು. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಸ್ರಾವವೋ ಬ್ಲಾಕೋ ಎಂದು ಸಿಟಿ ಆಗದೆ ನಮಗೂ ಗೊತ್ತಾಗುವುದಿಲ್ಲ.

ಮೂರು ತಿಂಗಳಿಗೆ ಇವರು ನಡೆದುಕೊಂಡೇ ಬಂದರು. ಬಲಗೈಯ ಬೆರಳು ಇನ್ನೂ ಸ್ವಲ್ಪ ನಿಧಾನ. ಮಾತಿನಲ್ಲಿ ಕೆಲವು ಹೆಸರು ಸಿಗುವುದಿಲ್ಲ. ಹಲ್ಲು ಕೀಳಿಸಬೇಕಿತ್ತು, ಪ್ಲೇಟ್‌ಲೆಟ್ ಅಂಟದಂತೆ ಮಾಡುವ ಎರಡು ಮಾತ್ರೆ ನಾಲ್ಕು ದಿನ ಬಿಡಬಹುದಾ ಎಂದು ಕೇಳಿದರು. ಕೇಳಿದ್ದೇ ಒಳ್ಳೆಯದಾಯಿತು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ತಾವಾಗಿ ಮಾತ್ರೆ ಬಿಟ್ಟು ಸ್ಟೆಂಟ್ ಮುಚ್ಚಿಸಿಕೊಂಡು ಬಂದವರಿದ್ದಾರೆ. ಕುತ್ತಿಗೆಯ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಮಾಡಿದೆವು. ಸ್ಟೆಂಟ್ ಚೆನ್ನಾಗಿ ತೆರೆದಿತ್ತು. ಬಲಗಡೆಯ ನಾಳದಲ್ಲಿ ಅರ್ಧಕ್ಕಿಂತ ಕಡಿಮೆ ಬ್ಲಾಕ್, ಅದಕ್ಕೆ ಈಗ ಏನೂ ಬೇಡ. ಆ ಎರಡು ಮಾತ್ರೆಗಳಲ್ಲಿ ಒಂದಾದ ಕ್ಲೊಪಿಡೋಗ್ರೆಲ್ ನಿಲ್ಲಿಸಿದೆ. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ಬಿಪಿ ಮದ್ದು ನಿಲ್ಲಿಸಬಾರದು ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ಆಸ್ಪಿರಿನ್ ಬಿಡದೆಯೇ ಹಲ್ಲು ಕೀಳಬಹುದು ಎಂದು ದಂತವೈದ್ಯರಿಗೆ ಒಂದು ಸಾಲು ಬರೆದುಕೊಟ್ಟೆ. ಅಮ್ಮ ಎರಡೂ ಕಾಗದವನ್ನು ಮಡಚಿ, ಮಾತ್ರೆಯ ಗಂಟೆ ಬರೆದಿಡುವ ಪುಸ್ತಕದೊಳಗೆ ಇಟ್ಟುಕೊಂಡರು.