ಹಳೇ ಎಸ್ಪ್ರೆಸೊ ಮಿಷಿನ್ ತಗೊಳ್ಳಲಾ, ಸ್ಟೀಮ್ ಬಾಯ್ಲರ್ ಸಾಕಾ?

ಪ್ರಶ್ನೆ: ಠಾಣೆಯಲ್ಲಿ ಚಿಕ್ಕದೊಂದು ಇಡ್ಲಿ-ದೋಸೆ ಹೋಟೆಲ್ ಶುರು ಮಾಡುತ್ತಿದ್ದೇವೆ. ಬಾಂದ್ರಾದಲ್ಲಿ ಮುಚ್ಚಿಹೋದ ಕೆಫೆಯೊಂದರ ಎಸ್ಪ್ರೆಸೊ ಮಿಷಿನ್ ಅರ್ಧಕ್ಕಿಂತ ಕಮ್ಮಿ ಬೆಲೆಗೆ ಸಿಗುತ್ತಿದೆ. ನಮ್ಮ ಮಾವ ಮಾತ್ರ ಕಾಫಿಗೆ ಹಬೆಯಲ್ಲಿ ಹಾಲು ಕಾಯಿಸುವ ಸೆಕೆಂಡ್ ಹ್ಯಾಂಡ್ ಸ್ಟೀಮ್ ಬಾಯ್ಲರ್ ಸಾಕು ಅನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಮಾವನ ಮಾತೇ ಸರಿ.

ಎಸ್ಪ್ರೆಸೊ ಮಿಷಿನ್ ಕೆಟ್ಟದ್ದು ಅಂತಲ್ಲ. ಆದರೆ ಬೆಳಿಗ್ಗೆ ಎರಡು ಇಡ್ಲಿ ತಿಂದು, ಕಾಫಿ ಕುಡಿದು, ಲೋಕಲ್ ಹಿಡಿಯಲು ಓಡುವ ಗಿರಾಕಿಗೆ ಅದು ಹೊಂದುವುದಿಲ್ಲ. ಒಂದು ಶಾಟ್ (ಒಂದು ಕಪ್ಪಿಗೆ ಬೇಕಾದ ಎಸ್ಪ್ರೆಸೊ) ಇಳಿಯುವುದಕ್ಕೇ 25ರಿಂದ 30 ಸೆಕೆಂಡ್ ಬೇಕು. ಅದಕ್ಕೆ ಮೊದಲು ಪುಡಿ ತುಂಬಬೇಕು, ಒತ್ತಬೇಕು. ಆಮೇಲೆ ಗಸಿ ಕೊಡವಬೇಕು. ಡಿಕಾಕ್ಷನ್ ಇಳಿಸಿಟ್ಟುಕೊಂಡಿದ್ದರೆ ಕಾಫಿ ಮಾಡುವವನು ಒಂದೇ ಸಲಕ್ಕೆ ಎಂಟು ಲೋಟ ಸಾಲಾಗಿ ಇಟ್ಟು ಹಾಲು ಸುರಿದುಕೊಂಡು ಹೋಗುತ್ತಾನೆ. ಮಾಟುಂಗಾದ ಉಡುಪಿ ಹೋಟೆಲ್‌ಗಳಲ್ಲಿ ಭಾನುವಾರ ಬೆಳಿಗ್ಗೆ ಹೋಗಿ ಕೌಂಟರ್ ಪಕ್ಕ ಸುಮ್ನೆ ನಿಂತು ನೋಡಿ, ಗೊತ್ತಾಗುತ್ತದೆ.

ಪುಡಿಯದ್ದೂ ತೊಂದರೆ ಇದೆ. ನಿಮ್ಮ ಗಿರಾಕಿಗೆ ಬೇಕಾದದ್ದು ಚಿಕೋರಿ ಬೆರೆಸಿದ ಪುಡಿ. ಎಸ್ಪ್ರೆಸೊಗೆ ಅದು ಆಗುವುದಿಲ್ಲ. ಬೀಜವನ್ನು ಆಗಿಂದಾಗಲೇ, ಇನ್ನೂ ನುಣ್ಣಗೆ ಅರೆಯಬೇಕು, ಅಂದರೆ ಒಂದು ಗ್ರೈಂಡರ್ ಬೇಕು. ಅದು ಕಮ್ಮಿ ಬೆಲೆಯ ಸಾಮಾನಲ್ಲ. ವೈರಿಂಗ್ ಬೇರೆ. ಎರಡು ಗ್ರೂಪಿನ (ಗ್ರೂಪ್ ಅಂದರೆ ಕಾಫಿ ಇಳಿಯುವ ತಲೆ) ಮಿಷಿನ್ ಸುಮಾರು 4 ಕಿಲೋವ್ಯಾಟ್ ಎಳೆದರೆ 17 ಆಂಪಿಯರ್ ಆಯಿತು. ಮಾಮೂಲಿ ಪವರ್ ಪ್ಲಗ್ 16 ಆಂಪಿಯರ್‌ದು. ಪ್ರತ್ಯೇಕ ಲೈನ್ ಎಳೆಸಬೇಕು, ಮೀಟರಿನ ಸ್ಯಾಂಕ್ಷನ್ ಲೋಡ್ ಸಾಲದಿದ್ದರೆ ಅದನ್ನೂ ಹೆಚ್ಚಿಸಿಕೊಳ್ಳಬೇಕು. ಇವೆಲ್ಲ ಕೂಡಿದ ಮೇಲೆ ಆ 'ಅರ್ಧ ಬೆಲೆ' ಎಲ್ಲಿ ಉಳಿಯಿತು?

ಈಗ ಬಾಯ್ಲರ್ ವಿಷಯ. ಹಳೇ ಬಾಯ್ಲರ್ ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ. ಪಾಲಿಶ್ ಹೊಡೆಸಲು ಅರ್ಧ ದಿನ ಸಾಕು. ನೋಡಬೇಕಾದದ್ದು ಒಳಗೆ. ಟಾರ್ಚ್ ಬಿಟ್ಟು ನೋಡಿ, ಬಿಳಿ ಪದರ ಎಷ್ಟು ದಪ್ಪ ಕಟ್ಟಿದೆ ಅಂತ. ಅದು ನೀರಿನ ಸುಣ್ಣ. ನೀರು ಕಾಯಿಸುವ ಎಲಿಮೆಂಟಿನ ಮೇಲೆ ದಪ್ಪಗೆ ಕೂತರೆ ಶಾಖ ನೀರಿಗೆ ಹೋಗುವುದಿಲ್ಲ, ಎಲಿಮೆಂಟೇ ಸುಟ್ಟುಹೋಗುತ್ತದೆ. ತೆಳುವಾಗಿದ್ದರೆ ಸಿಟ್ರಿಕ್ ಆಸಿಡ್ ನೀರಿನಲ್ಲಿ ಬಿಡುತ್ತದೆ.

ಹಾಗಾಗಿ ಆ ಬಾಯ್ಲರ್ ಯಾವ ನೀರು ಕುಡಿದಿದೆ ಅಂತ ತಪ್ಪದೆ ಕೇಳಿ. ಮುಂಬಯಿ ಮಹಾನಗರ ಪಾಲಿಕೆಯ ನೀರು ಭಾತ್ಸಾ, ವೈತರಣಾ, ತಾನ್ಸಾದಂತಹ ಕೆರೆ-ಅಣೆಕಟ್ಟುಗಳದ್ದು. ಮಳೆ ನೀರು ಅದು, ಸುಣ್ಣ ಕಮ್ಮಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಕಥೆ ಬೇರೆ. ದಾದರಿನಲ್ಲಿ ಪಾಲಿಕೆ ನೀರು ಕುಡಿದು ಹತ್ತು ವರ್ಷ ದುಡಿದ ಬಾಯ್ಲರ್, ಟ್ಯಾಂಕರ್ ನೀರಿನಲ್ಲಿ ಮೂರು ವರ್ಷ ದುಡಿದದ್ದಕ್ಕಿಂತ ಚೆನ್ನಾಗಿರಬಹುದು. ವಯಸ್ಸು ನೋಡಿ ಬೆಲೆ ಕಟ್ಟುವವರಿಗೆ ಇದು ಹೊಳೆಯುವುದೇ ಇಲ್ಲ. ನಿಮ್ಮ ಕಟ್ಟಡಕ್ಕೂ ಟ್ಯಾಂಕರ್ ಬರುತ್ತದೆ ಅಂದರೆ ನೀರಿನ ಸುಣ್ಣ ತೆಗೆಯುವ ಸಾಫ್ಟ್‌ನರ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಮಾತು. ಮಾರುವವರಿಗೆ ಮೊದಲೇ ಫೋನ್ ಮಾಡಿ, "ನಾನು ಬರುವವರೆಗೆ ಆನ್ ಮಾಡಬೇಡಿ" ಅಂತ ಹೇಳಿ. ಬಾಯ್ಲರ್ ತಣ್ಣಗಿದ್ದಾಗ ಪ್ರೆಶರ್ ಗೇಜಿನ ಮುಳ್ಳು ಸೊನ್ನೆಯಲ್ಲೇ ಇರಬೇಕು. ಇಲ್ಲದಿದ್ದರೆ ಗೇಜ್ ಕೆಟ್ಟಿದೆ. ಮೊದಲೇ ಕಾಯಿಸಿಟ್ಟಿದ್ದರೆ ಕಾಯಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದೂ ಗೊತ್ತಾಗುವುದಿಲ್ಲ. ಕಾದ ಮೇಲೆ ಒಂದು ಜಗ್ ತಣ್ಣನೆ ಹಾಲಿಗೆ ಸ್ಟೀಮ್ ಹಿಡಿದು ನೋಡಿ, ತಕ್ಷಣವೇ ಇನ್ನೊಂದಕ್ಕೆ ಹಿಡಿಯಿರಿ. ಎರಡನೇ ಜಗ್ಗಿಗೆ ಹಬೆ ಸೋತರೆ ಬೆಳಗಿನ ರಶ್‌ನಲ್ಲೂ ಸೋಲುತ್ತದೆ. ಸೇಫ್ಟಿ ವಾಲ್ವ್ ಅಂಟಿಕೊಂಡಿದ್ದರೆ, ಅಥವಾ ಅದರ ಜಾಗದಲ್ಲಿ ಬೋಲ್ಟ್ ಹಾಕಿ ಮುಚ್ಚಿದ್ದರೆ (ಇಂಥ ಜಾಣರೂ ಇದ್ದಾರೆ), ಅಲ್ಲಿಂದ ಎದ್ದು ಬನ್ನಿ. ಮೈಮೇಲೆ ವೆಲ್ಡಿಂಗ್ ತೇಪೆ ಇದ್ದರೂ ಅಷ್ಟೇ. ಅದು ಭಂಗಾರ್‌ವಾಲನ (ಗುಜರಿಯವನ) ಮಾಲು, ನಿಮ್ಮದಲ್ಲ.

ಗ್ಯಾಸಿನದಾ, ಕರೆಂಟಿನದಾ? ಚಿಕ್ಕ ಜಾಗಕ್ಕೆ ನನ್ನ ಓಟು ಕರೆಂಟಿಗೆ. ಮುಂಬಯಿ ಸೆಖೆಯಲ್ಲಿ ಕೌಂಟರ್ ಕೆಳಗೆ ಇನ್ನೊಂದು ಉರಿ ಯಾಕೆ? ಆದರೆ ಎಲಿಮೆಂಟಿನಿಂದ ಕರೆಂಟ್ ಲೀಕ್ ಆಗುತ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೆಗ್ಗರ್ (ಅದನ್ನು ಪರೀಕ್ಷಿಸುವ ಮೀಟರ್) ಹಾಕಿಸಿ ನೋಡಿ. ಒದ್ದೆ ಕೈಯ ಹುಡುಗರು ದಿನವಿಡೀ ಮುಟ್ಟುವ ಸಾಮಾನು ಅದು.

ಡಿಕಾಕ್ಷನ್ ಫಿಲ್ಟರ್ ಮಾತ್ರ ಹೊಸದೇ ತಗೊಳ್ಳಿ, ಸ್ಟೀಲಿನದು. ಹಳೇ ಹಿತ್ತಾಳೆ ಫಿಲ್ಟರ್ ನೋಡಲು ಚೆಂದ. ಆದರೆ ಕಲಾಯಿ ಹೋಗಿದ್ದರೆ ಡಿಕಾಕ್ಷನ್‌ನ ಹುಳಿ ಲೋಹವನ್ನು ತಿನ್ನುತ್ತದೆ.

ಇಷ್ಟಾದರೂ ಸಂಜೆ ಕಾಲೇಜು ಮಕ್ಕಳು ಕ್ಯಾಪುಚಿನೊ ಕೇಳುತ್ತಾರೆ, ಎಸ್ಪ್ರೆಸೊನೇ ಬೇಕು ಅಂದರೆ ಒಂದು ಗ್ರೂಪಿನದನ್ನು ಹುಡುಕಿ. ಹಿಂಬದಿಯ ಪ್ಲೇಟಿನಲ್ಲಿ ವೋಲ್ಟೇಜ್ ಓದಿ. ಹೊರದೇಶದಿಂದ ಬಂದ ಕೆಲವು ಮಿಷಿನ್‌ಗಳಿಗೆ ತ್ರೀ ಫೇಸ್ ಬೇಕಾಗುತ್ತದೆ. ತೂತಿಲ್ಲದ ಬ್ಲೈಂಡ್ ಫಿಲ್ಟರ್ ಹಾಕಿ ಪಂಪ್ ಓಡಿಸಿ, ಪಂಪಿನ ಪ್ರೆಶರ್ ಗೇಜಿನ ಮುಳ್ಳು 9 ಬಾರ್ ಹತ್ತಿರ ಏರಿ ನಿಲ್ಲಬೇಕು. ಇ61 ಅನ್ನುವ ಗ್ರೂಪ್ 1961ರಲ್ಲಿ ಬಂದದ್ದು. ಇವತ್ತಿಗೂ ಬೇರೆ ಬೇರೆ ಕಂಪನಿಗಳು ಅದನ್ನೇ ಹಾಕುತ್ತವೆ, ಹಾಗಾಗಿ ಗ್ಯಾಸ್ಕೆಟ್ ಹುಡುಕುವುದು ಸುಲಭ. ಯಾವುದೇ ಕಂಪನಿಯದಾದರೂ ಅಡ್ವಾನ್ಸ್ ಕೊಡುವ ಮೊದಲು ಠಾಣೆಗೆ ಬಂದು ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, ಮಾಡೆಲ್ ಹೆಸರು ಹೇಳಿ. ಪಾರ್ಟ್ ಸಿಗುತ್ತದೆ ಅಂತ ಅವನು ಹೇಳಿದರೆ ಮಾತ್ರ ರೇಟಿನ ಮಾತಿಗೆ ಕೂರಿ.